ಹೂಂ ಅಂದದ್ದು

ಮೊದಲು ಪರೀಕ್ಷೆಗೆ ಹೋದದ್ದು ನನ್ನ ಕಿವಿ.
ಲೆನ್ ಹಟ ಹಿಡಿದಿದ್ದ: ನಾನು ಸರಿಯಾಗೇ ಮಾತಾಡುತ್ತೇನೆ,
ಬೆರಿಲ್, ನಿನಗೇ ಕೇಳಿಸುವುದಿಲ್ಲ.
ಗ್ರಿಮ್ಸ್‌ಬಿಯ ಆಸ್ಪತ್ರೆಯಲ್ಲಿ ಹೆಡ್‌ಫೋನ್ ತೊಟ್ಟು ಕೂತು
ಸೊಳ್ಳೆಯಂಥ ಸದ್ದಿಗೂ ಗುಂಡಿ ಒತ್ತಿದೆ.
ಎಪ್ಪತ್ತಮೂರಕ್ಕೆ ಇಂಥ ಕಿವಿಯೇ, ಅಂದ ಹುಡುಗ.
ಬಸ್ಸಿನಲ್ಲಿ ಬರುವಾಗ ಗೆದ್ದ ಖುಷಿ
ಎರಡು ಸ್ಟಾಪಿನವರೆಗೆ ಇತ್ತು.
ಆಮೇಲೆ ಹೊಳೆಯಿತು, ಗೆದ್ದದ್ದು ಏನನ್ನು ಎಂದು.

ಇದೇ ಗಂಟಲಲ್ಲವೆ
ಕ್ಲೀಥಾರ್ಪ್ಸ್ ಕಡಲ ದಂಡೆಯ ಬಿಂಗೊ ಹಾಲಿನಲ್ಲಿ
ಇಪ್ಪತ್ತೊಂಬತ್ತು ವರ್ಷ ಸಂಖ್ಯೆ ಕೂಗಿದ್ದು?
ಮೀನಿನ ಕಾರ್ಖಾನೆಯಿಂದ ನೇರ ಬಂದ ಹೆಂಗಸರು,
ಉಗುರ ಸಂದಿಯಲ್ಲಿ ಇನ್ನೂ ಹ್ಯಾಡಕ್ಕಿನ ಹುರುಪೆ,
ಚಹಾ ಲೋಟಗಳ ಟಣಟಣ, ಕೆಮ್ಮು, ಹೊರಗೆ ಗಾಳಿ,
ಎಲ್ಲದರ ಮೇಲೆ ಹಾಯುತ್ತಿತ್ತು ಅವನ
"ಎರಡು ಪುಟ್ಟ ಬಾತು, ಇಪ್ಪತ್ತೆರಡು!"
ಕೊನೇ ಸಾಲಿನ ಮೇವಿಸ್, ಅರೆಗಿವುಡಿ,
ತಲೆ ಎತ್ತದೆ ಗುರುತು ಹಾಕುತ್ತಿದ್ದಳು.

ಈಗ ವಾಕ್ಯ ಮನೆಯಿಂದೇನೋ ಹೊರಡುತ್ತದೆ,
ಕ್ರಿಯಾಪದ ಬರುವುದರೊಳಗೆ ಗಾಳಿ ಮುಗಿದಿರುತ್ತದೆ.
"ಪಕ್ಕದ ಮನೆಯ ಗ್ಲೆನ್ ನಿನ್ನೆ ರಾತ್ರಿ..."
ಬಂದನೋ ಬಿದ್ದನೋ ಸತ್ತನೋ,
ನಾನೇ ಊಹಿಸಿಕೊಳ್ಳಬೇಕು.
ಮೂರು ಸಲ ಏನು ಅಂತ ಕೇಳಬಹುದು,
ನಾಲ್ಕನೆಯ ಸಲಕ್ಕೆ ನಾಚಿಕೆ.
ಹಾಗಾಗಿ ಹೂಂಗುಟ್ಟುವುದನ್ನು ಕಲಿತೆ.
ಎರಡು ಚಳಿಗಾಲ ಹೂಂ ಅಂದೆ.
ಏನೇನಕ್ಕೆ ಒಪ್ಪಿಕೊಂಡೆನೋ.

ಮಾರ್ಚಿನಲ್ಲಿ ಫೋಲಾ ಬಂದಳು, ಮಾತಿನ ಚಿಕಿತ್ಸೆಯವಳು,
ಒದ್ದೆ ಕೋಟಿನ ಜೇಬಿನಿಂದ ತೆಗೆದಳು
ಹೆಬ್ಬೆರಳಷ್ಟು ದಪ್ಪದ ಪ್ಲಾಸ್ಟಿಕ್ ಕೊಳವೆ.
ಗಂಟಲಿಗಲ್ಲ ಇದು, ಅಂದಳು,
ಹೊಟ್ಟೆಯ ಸ್ನಾಯುಗಳಿಗೆ, ಪಕ್ಕೆಲುಬಿನ ನಡುವಿನವಕ್ಕೆ.
ಉಸಿರಿದ್ದರೆ ತಾನೆ ಉಸುರುವುದು.
ಒಳಗೊಂದು ಸ್ಪ್ರಿಂಗು, ಅದರ ಕಾವಲಿನಲ್ಲಿ ಪುಟ್ಟ ಬಾಗಿಲು;
ಮೆಲ್ಲಗೆ ಊದಿದರೆ ಜಪ್ಪಯ್ಯ ಅನ್ನುವುದಿಲ್ಲ,
ಜೋರಾಗಿ ಊದಿದರೆ ಪುಸ್ಸೆಂದು ಬಿಟ್ಟುಕೊಡುತ್ತದೆ.
ಐದು ಊದು, ಸುಧಾರಿಸಿಕೊ. ಅಂಥವು ಐದು.
ವಾರಕ್ಕೆ ಐದು ದಿನ.
ವಾರ ಕಳೆದಂತೆ ಸ್ಪ್ರಿಂಗು ಕಾಲು ಸುತ್ತು ಬಿಗಿ.

ಮೂಗಿಗೆ ಕ್ಲಿಪ್ಪು. ಕೆನ್ನೆಯಲ್ಲಿ ಗಾಳಿ ಸೋರಬಾರದು,
ಅವನ ಬೆರಳು ಒಂದೆಡೆ ನಿಲ್ಲುವುದಿಲ್ಲ,
ಅದಕ್ಕೆ ನನ್ನ ಬೆರಳು.
ಎಷ್ಟು ವರ್ಷವಾಗಿತ್ತೋ, ಅವನ ಮುಖವನ್ನು
ಎರಡೂ ಕೈಯಲ್ಲಿ ಹಿಡಿದು.
ಬಲಗಡೆ ದವಡೆಯ ಕೆಳಗೆ ದಿನವೂ
ಕ್ಷೌರ ತಪ್ಪಿಸಿಕೊಂಡ ನಾಲ್ಕು ಕೂದಲು.

ಮೊದಲು ಬಲ ಬಂದದ್ದು ಕೆಮ್ಮಿಗೆ.
ರೊಟ್ಟಿಯ ಚೂರು ಅಡ್ಡಹೋದಾಗ
ಬಾಗಿಲು ಬಡಿದ ಹಾಗೆ ಕೆಮ್ಮಿ ಹೊರಹಾಕಿದ.
ಗಂಡನ ಕೆಮ್ಮಿಗೆ ಇಷ್ಟು ಸಂತೋಷಪಟ್ಟವಳು
ಈ ಬೀದಿಯಲ್ಲಿ ಇನ್ನೊಬ್ಬಳಿರಲಾರಳು.

ಮೇ ತಿಂಗಳ ಒಂದು ಬುಧವಾರ.
ಇಪ್ಪತ್ತೆರಡು ಊದಾಗಿತ್ತು.
ಕೊಳವೆ ತೆಗೆದ, ಕ್ಲಿಪ್ಪು ಮೂಗಿನ ಮೇಲೇ ಇತ್ತು,
ಬಾತುಕೋಳಿಯ ದನಿಯಲ್ಲಿ ಕೇಳಿದ:
"ನನ್ನ ಚಾಕರಿ ಮಾಡಿ ಸಾಕಾಗಿದೆಯಾ ನಿನಗೆ?"
ಕೊನೆಯ ಅಕ್ಷರದವರೆಗೂ ಕೇಳಿಸಿತು.
"ಕ್ರಿಸ್‌ಮಸ್ಸಿನಲ್ಲೂ ಕೇಳಿದ್ದೆ.
ಹೂಂ ಅಂದಿದ್ದೆ ನೀನು."

ಐದು ತಿಂಗಳು.
ಐದು ತಿಂಗಳು ಅದನ್ನು ಒಳಗಿಟ್ಟುಕೊಂಡು
ನನ್ನ ಕೈಗೆ ಮುಖ ಕೊಟ್ಟು ಕೂತಿದ್ದ.

ಇಲ್ಲ ಅನ್ನುವುದು ಸುಲಭವಿತ್ತು.
ಕೇಳಿಸಿರಲಿಲ್ಲ ಕಣೋ, ಅಂದೆ, ಆಗ.
ಈಗ ಕೇಳಿಸಿದೆ. ಕೆಲವು ದಿನ, ಹೂಂ.
ಕಸದ ಲಾರಿ ಬರುವ ಗುರುವಾರ, ಖಂಡಿತ ಹೂಂ.
ಉಳಿದ ದಿನ ಇಲ್ಲ.

ಅವನು ನಕ್ಕ. ನಗುವಿಗೂ ಸದ್ದಿತ್ತು,
ಕ್ಲಿಪ್ಪು ಹಾರಿ ಸಕ್ಕರೆ ಡಬ್ಬಿಗೆ ಬಿತ್ತು.

ಇನ್ನೂ ಮೂರು ಬಾಕಿ ಇದೆ, ಅಂದೆ.
ಕೆನ್ನೆ ಹಿಡಿದೆ.