ಇಳಿಯುವ ಗೆರೆ

ಟೊಲೀಡೊ ಗ್ರಂಥಾಲಯದ ನೆಲಮಾಳಿಗೆ. ಗುರುವಾರ ಸಂಜೆ.
ಗೋಡೆಯ ಮೇಲೊಂದು ಗೆರೆ
ಏರಿ ಏರಿ, ತೊಂಬತ್ತೊಂದರಲ್ಲಿ ನೆತ್ತಿ ಮುಟ್ಟಿ
ಜಾರುಬಂಡೆಯಲ್ಲಿ ಕೂಸು ಜಾರಿದ ಹಾಗೆ
ಸರ್ರನೆ ಕೆಳಗೆ.

"ಕಳವು, ದರೋಡೆ, ಕೊಲೆ" ಎಂದರು ಪ್ರೊಫೆಸರು.
"ಇಲ್ಲಿಂದ ಹದಿನೆಂಟು ವರ್ಷ ಹಿಂದಕ್ಕೆ ಎಣಿಸಿ:
ಎಪ್ಪತ್ತಮೂರು. ಕಾನೂನು ಬದಲಾದ ವರ್ಷ.
ಬೇಡದ ಮಕ್ಕಳು ಹುಟ್ಟಲಿಲ್ಲ,
ಬೆಳೆದು ಬೀದಿಗೆ ಬರಲಿಲ್ಲ."
ಆಮೇಲೆ, ಮೆಲ್ಲಗೆ: "ಇರಬಹುದು."

ನಾನು ಕಾಫಿಗೆ ಬಿಸ್ಕತ್ತು ಅದ್ದುತ್ತಿದ್ದೆ.
ಮುರಿದು ತಳಕ್ಕೆ ಬಿತ್ತು.

ನಾನು ಎಪ್ಪತ್ತರ ನವೆಂಬರಿನವನು.
ಆ ಜುಲೈನಲ್ಲಿ ಅಮ್ಮ, ಹತ್ತೊಂಬತ್ತರ ಆರ್ಡಿತ್,
ಗಾಜಿನ ಕಾರ್ಖಾನೆಯ ಕೆಲಸ, ಬೆರಳ ತುಂಬ ಗೀರು,
ಬಫಲೋ ಬಸ್ಸು ಹತ್ತಿದ್ದಳಂತೆ.
ನ್ಯೂಯಾರ್ಕಿನಲ್ಲಿ ಆಗಷ್ಟೇ ಬಾಗಿಲು ತೆರೆದಿತ್ತು, ನಮ್ಮಲ್ಲಿ ಇನ್ನೂ ಇಲ್ಲ.
ಕ್ಲೀವ್‌ಲ್ಯಾಂಡಿನಲ್ಲಿ ಇಳಿದಳು.
ದೇವರು ಕೂಗಲಿಲ್ಲ, ಒಳಗಿನಿಂದ ನಾನು ಒದೆಯಲೂ ಇಲ್ಲ.
ಹಸಿವಾಗಿತ್ತು, ಅಷ್ಟೆ.
ಒಂದು ತುಂಡು ಚೆರ್ರಿ ಪೈ ತಿನ್ನುವಷ್ಟರಲ್ಲಿ
ಬಸ್ಸು ಹೊರಟುಹೋಗಿತ್ತು. ಮತ್ತೊಂದು ಟಿಕೆಟ್ಟಿಗೆ ದುಡ್ಡಿರಲಿಲ್ಲ.
ಹೀಗೆ ಹುಟ್ಟಿದೆ.
ಪೈ ಹಳಸಿತ್ತಂತೆ.

ಹತ್ತೊಂಬತ್ತಕ್ಕೆ ನಾನೊಂದು ಕಾರು ಕದ್ದೆ.
ಹದಿನೈದು ದಿನಕ್ಕೆ ಇನ್ನೊಂದು. ಅದರ ಹಿಂದಿನ ಸೀಟಿನಲ್ಲಿ
ಮುದುಕಿಯೊಬ್ಬಳು ನಿದ್ದೆಹೋಗಿದ್ದಳು, ನೋಡಿರಲಿಲ್ಲ.
ಕಳವಿನ ಜೊತೆ ಅಪಹರಣವೂ ಸೇರಿತು.
ಮ್ಯಾನ್ಸ್‌ಫೀಲ್ಡ್ ಜೈಲಿನಲ್ಲಿ ನಾಲ್ಕು ವರ್ಷ.
ನಿಮ್ಮ ಗೆರೆಯ ನೆತ್ತಿಯ ಮೇಲೆ ಕೂತವನು ನಾನೇ, ಸ್ವಾಮಿ.
ಅದು ಇಳಿಯತೊಡಗಿದಾಗ ನಾನು ಒಳಗಿದ್ದೆ.
ಅದನ್ನೂ ಲೆಕ್ಕಕ್ಕೆ ಹಿಡಿದಿರೇನು?
(ಕೇಳಲಿಲ್ಲ. ಬಾಯಲ್ಲಿ ಬಿಸ್ಕತ್ತಿತ್ತು.)

ಹಿಂದಿನ ಸಾಲಿನವರು ಕೇಳಿದರು:
ಪೊಲೀಸರು ಹೆಚ್ಚಾದದ್ದು? ಮಾದಕದ ಸಂತೆ ಮುರಿದದ್ದು?
ಪೆಟ್ರೋಲಿನಿಂದ ಸೀಸ ತೆಗೆದದ್ದು?
"ಅದೂ ಇರಬಹುದು." ಒಳ್ಳೆಯ ಮನುಷ್ಯ.
ಕತ್ತಿನ ಬೆವರು ಒರೆಸಿಕೊಂಡರು.

ಸೀಸ ನನಗೆ ಗೊತ್ತು. ಈಗ ಅದೇ ನನ್ನ ಕೂಳು.
ಹಳೆ ಮನೆಗಳ ಕಿಟಕಿ ಚೌಕಟ್ಟಿನಿಂದ
ಬಣ್ಣ ಹೆರೆಯುತ್ತೇನೆ, ಮುಖಕ್ಕೆ ಮುಸುಕು ಕಟ್ಟಿಕೊಂಡು.
ಸಿಹಿ ಅದು. ಮಕ್ಕಳು ನೆಕ್ಕುತ್ತವೆ.
ನಾನೂ ನೆಕ್ಕಿದ್ದೇನೆ,
ಮಾಮೀ ನದಿ ಪಕ್ಕದ ಬಾಡಿಗೆ ಮನೆಯಲ್ಲಿ
ಕಿಟಕಿಗೆ ಗಲ್ಲ ಊರಿ,
ರಾತ್ರಿ ಪಾಳಿ ಮುಗಿಸಿ ಅಮ್ಮ ಬರುವ ದಾರಿ ಕಾಯುತ್ತ.

ಬೇಡದವನೊ, ಬೇಕಾದವನೊ,
ಎರಡರ ನಡುವೆ ಒಂದು ಬಸ್ಸು ತಪ್ಪಿದವನೊ,
ಯಾವ ಕಲಮಿನಲ್ಲಿ ಬರೆಯುತ್ತಾರೆ ನನ್ನ?

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ.
ಟಿವಿಯಿಂದ ಕಣ್ಣು ಕೀಳದೆ ಅಂದಳು:
"ಎಪ್ಪತ್ತನಾಲ್ಕರಲ್ಲಿ ಹೋಗಿದ್ದೆ. ಇದೇ ಊರಲ್ಲಿ.
ಆ ಸಲ ಬಸ್ಸು ಬೇಕಾಗಲಿಲ್ಲ."
ನನಗೆ ಗೊತ್ತಿರಲಿಲ್ಲ.
"ಊರಿನ ಕಳವು ಇಳಿಸೋಕೆ ಹೋದವಳಲ್ಲ ನಾನು.
ಬಾಡಿಗೆ ಬಾಕಿ ಇತ್ತು.
ನಿನಗೆ ಶೂ ಬೇಕಿತ್ತು."

ಶೂ ನೆನಪಿದೆ.
ಕೆಂಪು. ಎಡಗಾಲಿನದು ಕಚ್ಚುತ್ತಿತ್ತು.