ಅಕ್ಕಿಯಲ್ಲಿ ಹೂತ ಬಾಟಲಿ

ಹೆಬ್ಬೆರಳಿನಷ್ಟು ಬಾಟಲಿ, ಒಳಗೆ ಕಂದು ಕಾಗದದ ಚೂರು.
ಗೀಟಿನ ತನಕ ನೀರು ತುಂಬಿ
ಬೆಚ್ಚಗಿರುವಲ್ಲಿ ಇಡಬೇಕು, ಒಂದು ರಾತ್ರಿ ಒಂದು ಹಗಲು.
ತರಬೇತಿಯಲ್ಲಿ ಕಾರವಾರದ ಸಾಹೇಬರು ಹೇಳಿದ್ದು ಇಷ್ಟೆ:
ಬಣ್ಣ ತಿರುಗದಿದ್ದರೆ ಕುಡಿಯಿರಿ.
ಕಪ್ಪಾದರೆ,
ಕಪ್ಪಾದರೆ ಜನರಿಗೆ ತಿಳಿಹೇಳಿ.

ಬೆಚ್ಚಗಿರುವಲ್ಲಿ ಅಂದರೆ ನಮ್ಮನೆಯಲ್ಲಿ ಅಕ್ಕಿ ಡಬ್ಬಿ.
ಕುಚ್ಚಲಕ್ಕಿಯೊಳಗೆ ಕುತ್ತಿಗೆಯ ತನಕ ಹೂತಿಟ್ಟೆ
ಬುಧವಂತಕ್ಕನ ಬಾವಿಯನ್ನು.

ಆ ಬಾವಿ ಅಂದರೆ ಸುಮ್ಮನೆ ಅಲ್ಲ.
ನಮ್ಮ ಹರಿಕಂತ್ರ ಕೇರಿಯಲ್ಲಿ ಎಲ್ಲಿ ಅಗೆದರೂ ಸಮುದ್ರವೇ ಸಿಗುತ್ತದೆ,
ಬೇಳೆ ಬೇಯದ, ಸೋಪು ನೊರೆಯೇಳದ ನೀರು.
ಅವಳ ಮಾವ ಠಾಕು, ದೋಣಿ ಮಾರಿದ ವರ್ಷ,
ಹೊನ್ನೆಮರದ ಬುಡದಲ್ಲಿ ಎಂಟು ಮೊಳ ತೋಡಿ
ಚಪ್ಪೆ ನೀರು ಕಂಡನಂತೆ.
ಮೊದಲ ಕೊಡ ಎತ್ತಿ ಅತ್ತನಂತೆ, ಇಲ್ಲ ನಕ್ಕನಂತೆ,
ಹೇಳುವವರು ಹೇಳಿದ ಹಾಗೆ.
ಅಂದಿನಿಂದ ಬಾಣಂತಿಗೂ ಅದೇ ನೀರು
ಸಾಯುವವರ ಬಾಯಿಗೂ ಅದೇ ನೀರು.
ಬುಧವಂತಕ್ಕ ಹಗ್ಗ ಮಾತ್ರ ಯಾರಿಗೂ ಕೊಡಳು:
"ನಿಮ್ಮ ಹಗ್ಗ ನೀವೇ ತಕಂಡ್ ಬನ್ನಿ. ನೀರು ನಂದಲ್ಲ, ಹಗ್ಗ ನಂದು."

ಪಾಯಿಖಾನೆ ಬಂದದ್ದು ಮೂರು ವರ್ಷದ ಕೆಳಗೆ.
ಅದಕ್ಕೆ ಮೊದಲು
(ಬರೆದರೆ ನಾಚಿಕೆ, ಬರೆಯದಿದ್ದರೆ ಸುಳ್ಳು)
ಗಾಳಿಮರದ ತೋಪಿನಾಚೆ, ನಸುಕಿಗೂ ಮುಂಚೆ,
ನಾವು ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂರುತ್ತಿದ್ದೆವು.
ದೋಣಿಯ ದೀಪ ಬಿದ್ದರೆ ಏಳಬೇಕು.
ಅರ್ಧಕ್ಕೆ ಎದ್ದ ಹೆಂಗಸರ ಕೇರಿ ನಮ್ಮದು.
ಸೊಸೆ ಸುನಂದೆ ಕತ್ತಲಲ್ಲಿ ಬಂಡೆಯಿಂದ ಜಾರಿ
ಕಾಲು ಮುರಿದುಕೊಂಡ ಬೆಳಗ್ಗೆ
ಬುಧವಂತಕ್ಕ ಪಂಚಾಯ್ತಿ ಮೆಟ್ಟಿಲ ಮೇಲೆ ಕೂತಳು,
ಮೀನಿನ ಬುಟ್ಟಿ ಸಮೇತ, ವಾಸನೆ ಸಮೇತ.
ಮೂರನೇ ದಿನಕ್ಕೆ ಅರ್ಜಿಗೆ ಸೀಲು ಬಿತ್ತು.

ಗುಂಡಿಗೆ ಅಳೆದವಳು ನಾನು.
ಟೇಪಿನ ಒಂದು ತುದಿ ಗುತ್ತಿಗೆದಾರನ ಹುಡುಗನ ಕೈಲಿ
ಇನ್ನೊಂದು ನನ್ನ ಕೈಲಿ.
ಬಾವಿಗೂ ಗುಂಡಿಗೂ ಹದಿನೈದು ಮೀಟರು, ಎಂದಿತ್ತು ಪುಸ್ತಕ.
ಮನೆಗೂ ಮನೆಗೂ ನಡುವೆ ಒಂದು ಬಲೆ ಹರಡಲು ಜಾಗವಿಲ್ಲ.
ಐದೂವರೆ ಬಂತು.
ಹುಡುಗ ನನ್ನ ಮುಖ ನೋಡಿದ.
ನಾನು ಸುನಂದೆಯ ಪ್ಲಾಸ್ಟರು ನೋಡಿದೆ.
ಹದಿನೈದು ಎಂದು ಬರೆದೆ.
ಗೋಡೆಗೆ ನೀಲಿ ಬಳಿದು, ಫೋಟೋ ತೆಗೆದು ಕಳಿಸಿದೆವು.

ನಮ್ಮದು ಮರಳು. ಕಾಲಿನ ಗುರುತನ್ನೂ ಹಿಡಿದಿಡುವುದಿಲ್ಲ.

ಮರುದಿನ ಸಂಜೆ ಅಕ್ಕಿ ಸರಿಸಿದರೆ
ಬಾಟಲಿಯ ತುಂಬ ಕಾಡಿಗೆ.

ಹೇಳಲು ಹೋದಾಗ ಅವಳು ಬಂಗಡೆಯ ಹೊಟ್ಟೆ ಸೀಳುತ್ತಿದ್ದಳು.
ಬಾಟಲಿಯನ್ನು ಬೆಳಕಿಗೆ ಹಿಡಿದಳು, ಅಲುಗಿಸಿದಳು.
"ಎಂತಾ ಹಾಕ್ದೆ ಇದ್ರಲ್ಲಿ?"
"ನಿಮ್ಮ ನೀರು, ಅಕ್ಕಾ."
ಎದ್ದು, ಕೈ ತೊಳೆದು, ತಂಬಿಗೆ ತುಂಬ ಸೇದಿ
ನನ್ನೆದುರೇ ಗಟಗಟ ಕುಡಿದಳು.
"ಸತ್ರೆ ನಾಳೆ ಬಾ, ಬರ್ಕಂಡ್ ಹೋಗು."

ಐದೂವರೆ, ಅಂದೆ ನಾನು.
ಬಾಯಿಂದ ಬಂದದ್ದು ಅದೊಂದೇ.
ಅವಳು ಗುಂಡಿಯ ಕಡೆ ನೋಡಿದಳು, ಬಾವಿಯ ಕಡೆ,
ಆಮೇಲೆ ಕುಂಟುತ್ತ ಬಟ್ಟೆ ಹರವುವ ಸೊಸೆಯ ಕಡೆ.
"ಒಡೀಲಿಕ್ಕೆ ಬಿಡೂದಿಲ್ಲ," ಅಂದಳು.
ಯಾವುದನ್ನು ಎಂದು ಹೇಳಲಿಲ್ಲ.

ರಾತ್ರಿ ಒಂಬತ್ತಕ್ಕೆ ಬಾಗಿಲು ಬಡಿತ.
ಕೈಯಲ್ಲಿ ಬ್ಯಾಟರಿ, ಹೆಗಲಿಗೆ ಸುತ್ತಿದ ಬಾವಿಹಗ್ಗ.
"ಇನ್ನೆಷ್ಟು ಬಾಟ್ಲಿ ಅದೆ?"
"ಆರು."
"ನಿನ್ನ ಬಾವಿದು ಹಾಕು. ಗಣಬನ ಮನೆದು. ಶಾಲೆದು.
ಮಂಗಳವಾರ ಬರ್ತದಲ್ಲ ನಲ್ಲಿ, ಅದ್ರದೂ ಬಿಡ್ಬೇಡ."

ನಾಯಿಗಳು ಬೊಗಳಿದವು. ಜನ ಕಿಟಕಿ ತೆರೆದರು.
ಕೇರಿಯ ಬಾವಿ ಬಾವಿಗೂ ಇಳಿಯಿತು ಅವಳ ಹಗ್ಗ,
ಯಾರಿಗೂ ಕೊಡದ ಹಗ್ಗ.

ಈಗ ಅಕ್ಕಿಯಲ್ಲಿ ಐದು ಕುತ್ತಿಗೆ. ಒಂದು ಮಂಗಳವಾರಕ್ಕೆ.
ನಾಳೆ ಅನ್ನಕ್ಕೆ ಎಲ್ಲಿಂದ ತೆಗೀತೆ, ಕೇಳಿದ ಗಂಡ.
ಬದಿಯಿಂದ, ಅಂದೆ. ಅಲುಗಾಡಿಸದೆ.

ಬುಧವಂತಕ್ಕ ಹೊಸ್ತಿಲಲ್ಲೇ ನಿಂತಿದ್ದಳು,
ಒದ್ದೆ ಹಗ್ಗದಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.
"ಕಪ್ಪಾದ್ರೆ ಕೇರಿಗೆ ನಾನೇ ಹೇಳ್ತೆ.
ನೀ ಹೇಳೂದು ಒಂದೇ ಅದೆ, ಪಂಚಾಯ್ತಿಲಿ.
ಐದೂವರೆ ಅಂತ."