ಕಿವಿಗಿಟ್ಟ ಸ್ಕ್ರೂಡ್ರೈವರ್

ಖಲೀಲ್ ಉಸ್ತಾದರು ನನಗೆ ಕೊಟ್ಟ ವಿದ್ಯೆ ಇಷ್ಟೇ:
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿನ ಮೈಗೆ,
ಹಿಡಿ ಕಿವಿಯ ಎಲುಬಿಗೆ,
ಉಸಿರು ಕಟ್ಟಿ ಕೇಳು.
ಟಿಕ್ ಟಿಕ್ ಅಂದರೆ ಟ್ಯಾಪೆಟ್ಟು.
ಒಳಗಿಂದ ಗುಡುಗುಡು ಬಂದರೆ ಕ್ರ್ಯಾಂಕು, ಖರ್ಚಿದೆ.
ಪುಸ್ಸೆಂದರೆ ಗ್ಯಾಸ್ಕೆಟ್ಟು;
ಮೊದಲು ಟೀ ಹೇಳು, ಆಮೇಲೆ ರೇಟು ಹೇಳು.

ಪೆನ್ಷನ್ ಮೊಹಲ್ಲಾದ ಈ ಶೆಡ್ಡಿಗೆ
ಹದಿಮೂರಕ್ಕೆ ಸೇರಿದವನು
ಹಾಸನದ ಅರ್ಧ ಆಟೋಗಳ ಕೆಮ್ಮು ಕೇಳಿದ್ದೇನೆ.
ಹೊಸಲೈನ್ ರಸ್ತೆಯ ತಿರುವಿನಲ್ಲಿ ಸದ್ದಾದರೆ
ಕೂತಲ್ಲೇ ಹೇಳುತ್ತಿದ್ದೆ: ಅದು ಜವರಪ್ಪನದು,
ಇನ್ನೂ ಕ್ಲಚ್ ಕೇಬಲ್ ಹಾಕಿಸಿಲ್ಲ, ಜಿಪುಣ.

ಹೋದ ಯುಗಾದಿ ಕಳೆದ ವಾರ
ಗಂಗಲಕ್ಷ್ಮಿ ಬಂದು ನಿಂತಿದ್ದಳು.
ಬಂದದ್ದೇ ಗೊತ್ತಾಗಲಿಲ್ಲ.
ತಿರುಗಿದರೆ ಬೆನ್ನ ಹಿಂದೆ ಆಟೋ,
ಹಸಿರು ನಂಬರ್ ಪ್ಲೇಟು,
ಮುಂದೆ ಕಟ್ಟಿದ ನಿಂಬೆಹಣ್ಣು ಇನ್ನೂ ಒಣಗಿಲ್ಲ.
"ಏನೋ ಸದ್ದು ಬರ್ತಿದೆ ಅಣ್ಣ."
"ಸದ್ದೇ ಇಲ್ವಲ್ಲಮ್ಮ ಇದಕ್ಕೆ."
"ಅದಕ್ಕೇ ಕೇಳಿಸ್ತಾ ಇರೋದು."

ಸಾಲಗಾಮೆ ರಸ್ತೆಯ ನಾಯಿಗಳು ಏಳುವುದಿಲ್ಲವಂತೆ,
ಚಕ್ರ ಮೂಗಿನ ಹತ್ತಿರ ಬಂದರೂ ಕನಸು ಬಿಡುವುದಿಲ್ಲವಂತೆ.
ಹಿಂದೆ ಕೂತವರ ಜಗಳವೆಲ್ಲ ಈಗ ಪೂರ್ತಿ ಕೇಳಿಸುತ್ತದಂತೆ.
ಮೊನ್ನೆ ಯಾರೋ ಗಂಡು ನೋಡಿ ಬಂದವರು
ಬಸ್‌ಸ್ಟ್ಯಾಂಡಿನಿಂದ ತಣ್ಣೀರುಹಳ್ಳದ ತನಕ
ಹುಡುಗನ ಮೂಗನ್ನೇ ಆಡಿ ಆಡಿ,
ಇಳಿಯುವಾಗ
"ನೀನೇನಂತೀಯಮ್ಮ?" ಅಂದರಂತೆ.

ಸ್ಕ್ರೂಡ್ರೈವರ್ ತೆಗೆದೆ.
ಇಡುವುದೆಲ್ಲಿ?
ಬ್ಯಾಟರಿ ಪೆಟ್ಟಿಗೆಗಿಟ್ಟೆ: ಕಲ್ಲು.
ಮೋಟರಿಗಿಟ್ಟೆ: ದೂರದಲ್ಲೊಂದು ಸೊಳ್ಳೆ.
ಸೊಳ್ಳೆಯ ಕಾಯಿಲೆ ನಾನು ಕಲಿತಿಲ್ಲ.
ಮೂವತ್ತು ವರ್ಷದ ಕಿವಿ
ಮದುವೆಮನೆಯಲ್ಲಿ ಯಾರೂ ಮಾತಾಡಿಸದ ನೆಂಟನ ಹಾಗೆ
ತಲೆಯ ಪಕ್ಕದಲ್ಲಿ ಸುಮ್ಮನೆ ಇತ್ತು.

ಆ ಹೊತ್ತಿಗೆ ಮಧ್ಯಾಹ್ನದ ನಮಾಜು ಮುಗಿಸಿ
ಉಸ್ತಾದರು ಬಂದರು.
ನಲವತ್ತು ವರ್ಷ ಸೈಲೆನ್ಸರಿನ ಪಕ್ಕ ಕೂತು
ಎರಡೂ ಕಿವಿ ಅಲ್ಲೇ ಬಿಟ್ಟು ಬಂದವರು.
ಕೈಸನ್ನೆಯಲ್ಲಿ ಹೇಳಿದೆ: ಕರೆಂಟು, ಸದ್ದಿಲ್ಲ, ಏನೂ ಕೇಳೊಲ್ಲ.
ಬೊಚ್ಚುಬಾಯಿ ತೆರೆದು ನಕ್ಕರು.
"ಹತ್ತು ವರ್ಷದಿಂದ ನನಗೆ
ಎಲ್ಲಾ ಗಾಡೀನೂ ಕರೆಂಟ್ ಗಾಡೀನೇ ಕಣೋ."

ಜಾಕ್ ಹಾಕಿಸಿದರು. ಚಕ್ರ ತಿರುಗಿಸು ಅಂದರು.
ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ
ಹಬ್ಬಿನ ಮೇಲೆ ಅಂಗೈ ಇಟ್ಟು
ಕಣ್ಣು ಮುಚ್ಚಿದರು.
"ಎಡಗಡೆ. ಬೇರಿಂಗು."
ಬಿಚ್ಚಿದೆ. ಹೌದು.
ಹೊಸ ಗಾಡಿಯಲ್ಲೂ ಹಳೆಯದೇ ರೋಗ;
ಇಷ್ಟು ದಿನ ಎಂಜಿನ್ನು ಜೋರಾಗಿ ಕೂಗಿ
ಮುಚ್ಚಿಟ್ಟಿತ್ತು, ಅಷ್ಟೆ.

ಆಮೇಲೆ ಚೀಟಿ ಎತ್ತಿ ಶೆಡ್ಡಿನ ಮೇಲೆ
ನಾಲ್ಕು ಸೋಲಾರ್ ಪ್ಯಾನೆಲ್ ಹಾಕಿಸಿದೆ.
ಊಟದ ಹೊತ್ತಿಗೆ ಗಂಗಲಕ್ಷ್ಮಿ ಬರುತ್ತಾಳೆ,
ವೈರು ಚುಚ್ಚಿ ಬುತ್ತಿ ಬಿಚ್ಚುತ್ತಾಳೆ:
ಗಾಡಿಗೆ ಬಿಸಿಲು, ಅವಳಿಗೆ ಮುದ್ದೆ.
ಈಗ ಇನ್ನಿಬ್ಬರು ಬರುತ್ತಾರೆ. ಒಬ್ಬ ಜವರಪ್ಪ;
ವೈರು ಕಿತ್ತ ಮೇಲೂ ರೇಟಿಗೆ ಜಗಳ:
"ಬಿಸಿಲೇನು ನಿಮ್ಮಪ್ಪಂದಾ?"
ಆಷಾಢದ ಜಿಟಿಜಿಟಿಯಲ್ಲಿ ಮಾತ್ರ
ನಾಲ್ವರೂ ಟೀ ಲೋಟ ಹಿಡಿದು
ಮುಗಿಲಿಗೆ ಮುಖವೆತ್ತಿ ನಿಲ್ಲುತ್ತೇವೆ,
ರಾಗಿ ಬಿತ್ತಿದವರ ಹಾಗೆ, ಆದರೆ ತಿರುಗಾಮುರುಗಾ:
ಸಾಕು ಮಾರಾಯ, ಬಿಡು.

ಇವತ್ತು ಬೆಳಿಗ್ಗೆ ಯಾರೂ ಬಂದಿರಲಿಲ್ಲ.
ಪ್ಯಾನೆಲ್ ಹೊತ್ತ ಕಬ್ಬಿಣದ ಕಂಬಕ್ಕೆ
ಸ್ಕ್ರೂಡ್ರೈವರ್ ಇಟ್ಟು, ಕಿವಿ ಕೊಟ್ಟೆ.
ನಗಬೇಡಿ.
ಮೊದಲು ಏನಿಲ್ಲ.
ಮಸೀದಿ ಗೋಡೆ ದಾಟಿ ಬಿಸಿಲು ತಗಡಿಗೆ ಬಿತ್ತು,
ತಗಡು ಮೈಮುರಿಯಿತು:
ಟಿಕ್.
ತಡೆದು, ಇನ್ನೊಂದು ಟಿಕ್.

ಟ್ಯಾಪೆಟ್ಟು ಸ್ವಲ್ಪ ಲೂಸಾಗಿದೆ ಅಂದುಕೊಂಡೆ.
ಓಡಲಿ, ತೊಂದರೆಯಿಲ್ಲ.